ಇಲಿ ಈಜು ನಿಲ್ಲಿಸಿತು, ನಾವು ಖಿನ್ನತೆ ಎಂದೆವು

ಗಾಜಿನ ಉದ್ದನೆಯ ಪಾತ್ರೆಯೊಂದರಲ್ಲಿ ಅರ್ಧಕ್ಕಿಂತ ಮೇಲೆ ನೀರು ತುಂಬಿಸಿದ್ದಾರೆ. ಬಿಸಿಯೂ ಅಲ್ಲ, ಕೊರೆಯುವಷ್ಟು ತಣ್ಣಗೂ ಅಲ್ಲ, ಸುಮಾರು 25 ಡಿಗ್ರಿ. ಪುಟ್ಟ ಇಲಿಯೊಂದನ್ನು ಬಾಲ ಹಿಡಿದು ಎತ್ತಿ ಮೆಲ್ಲಗೆ ಅದರೊಳಗೆ ಬಿಡುತ್ತಾರೆ. ಗೋಡೆ ನುಣುಪು, ಹತ್ತಲಾಗದು. ನೀರು ಆಳ, ಕಾಲಿಗೆ ತಳ ಸಿಗದು. ಇಲಿ ಗೋಡೆಯನ್ನು ಪರಚುತ್ತದೆ, ಸುತ್ತುತ್ತದೆ, ಮತ್ತೆ ಪರಚುತ್ತದೆ. ಎರಡು ಮೂರು ನಿಮಿಷಗಳಲ್ಲಿ ಆ ಗಡಿಬಿಡಿ ಇಳಿದು, ಮೂಗನ್ನಷ್ಟೇ ನೀರಿನ ಮೇಲಿಟ್ಟುಕೊಂಡು ಸುಮ್ಮನೆ ತೇಲತೊಡಗುತ್ತದೆ. ಎದುರಿಗೆ ಕುಳಿತವರ ಕೈಯಲ್ಲಿ ಸ್ಟಾಪ್‌ವಾಚ್. ಒಟ್ಟು ಆರು ನಿಮಿಷ, ಮೊದಲ ಎರಡು ಲೆಕ್ಕಕ್ಕಿಲ್ಲ. ಉಳಿದ 240 ಸೆಕೆಂಡುಗಳಲ್ಲಿ ಇಲಿ ಎಷ್ಟು ಸೆಕೆಂಡು ಅಲುಗಾಡದೆ ತೇಲಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಹೊರತೆಗೆದು, ಬಟ್ಟೆಯಿಂದ ಒರೆಸಿ, ಬೆಚ್ಚಗೆ ಮಾಡಿ ಪಂಜರಕ್ಕೆ ಕಳಿಸುತ್ತಾರೆ.

ಇದರ ಹೆಸರು ಬಲವಂತದ ಈಜು ಪರೀಕ್ಷೆ. ಖಿನ್ನತೆಗೆ ಔಷಧ ಹುಡುಕುವ ಪ್ರಯೋಗಾಲಯಗಳಲ್ಲಿ ಸುಮಾರು ಅರ್ಧ ಶತಮಾನದಿಂದ ಇಷ್ಟು ಧಾರಾಳವಾಗಿ ಬಳಕೆಯಾದ ಪರೀಕ್ಷೆಗಳು ಕಡಿಮೆ. ಈಗ ಬ್ರಿಟನ್ ಅದಕ್ಕೆ ಕಡಿವಾಣ ಹಾಕುತ್ತಿದೆ, ಆಸ್ಟ್ರೇಲಿಯಾದ ಒಂದು ರಾಜ್ಯ ಕಾನೂನು ಮಾಡಿಯೇ ನಿಷೇಧಿಸಿದೆ, ಹಲವು ದೊಡ್ಡ ಔಷಧ ಕಂಪನಿಗಳು ತಾವಾಗಿಯೇ ಕೈಬಿಟ್ಟಿವೆ. ಇದು ಪ್ರಾಣಿಪ್ರಿಯರ ಒತ್ತಡಕ್ಕೆ ವಿಜ್ಞಾನ ಮಣಿದ ಕಥೆ ಎಂದು ಕೆಲವರು ಹೇಳುತ್ತಾರೆ. ಒತ್ತಡ ಇದ್ದದ್ದು ನಿಜ. ಆದರೆ ಪರೀಕ್ಷೆ ಬಿದ್ದದ್ದು ಅದರಿಂದಲೇ ಅಲ್ಲ. ಸಣ್ಣ ಕೆಲಸಕ್ಕೆಂದು ಮಾಡಿದ ಒಂದು ಸಲಕರಣೆಗೆ ದೊಡ್ಡ ಹೆಸರು ಇಟ್ಟದ್ದು ಅದಕ್ಕಿಂತ ಹಳೆಯ ಕಾರಣ.

ಮುಂದೆ ಹೋಗುವ ಮೊದಲು ಭಾಷೆಯ ಒಂದು ತೊಡಕು. ಇಂಗ್ಲಿಷಿನವರ ರ‍್ಯಾಟ್ ಕೂಡ ನಮಗೆ ಇಲಿಯೇ, ಮೌಸ್ ಕೂಡ ಇಲಿಯೇ. ಪ್ರಯೋಗಾಲಯದಲ್ಲಿ ಇವೆರಡೂ ಬೇರೆ ಜೀವಿಗಳು. ಒಂದು ಅಂಗೈ ತುಂಬುವಷ್ಟು ದಪ್ಪ, ಇನ್ನೊಂದು ಹೆಬ್ಬೆರಳಿನಷ್ಟು. ಚಿಕ್ಕದನ್ನು ನಾನು ಸುಂಡಿಲಿ ಎನ್ನುತ್ತೇನೆ, ದೊಡ್ಡದನ್ನು ಇಲಿ ಎಂದೇ ಕರೆಯುತ್ತೇನೆ.

ಪರೀಕ್ಷೆಯನ್ನು ರೂಪಿಸಿದವರು ರೋಜರ್ ಪೋರ್ಸೋಲ್ಟ್ ಮತ್ತು ಅವರ ಸಂಗಡಿಗರು. ಜಾಗ ಫ್ರಾನ್ಸಿನ ಸಿಂಥೆಲಾಬೊ ಎಂಬ ಔಷಧ ಕಂಪನಿಯ ಪ್ರಯೋಗಾಲಯ, ವರ್ಷ 1977. ಆ ಒಂದೇ ವರ್ಷದಲ್ಲಿ ಅವರು ಪ್ರಕಟಿಸಿದ ಎರಡು ಪ್ರಬಂಧಗಳ ಶೀರ್ಷಿಕೆಗಳನ್ನು ಅಕ್ಕಪಕ್ಕ ಇಟ್ಟರೆ ಇಡೀ ಸಮಸ್ಯೆ ಕಾಣುತ್ತದೆ. ಸುಂಡಿಲಿಗಳ ಕುರಿತ ಪ್ರಬಂಧ ತನ್ನನ್ನು ಖಿನ್ನತೆ ನಿವಾರಕಗಳ ‘ಪ್ರಾಥಮಿಕ ಜರಡಿ’ ಎಂದು ಕರೆದುಕೊಂಡಿತು. ‘ನೇಚರ್’ ಪತ್ರಿಕೆಯಲ್ಲಿ ಬಂದ ಇಲಿಗಳ ಕುರಿತ ಪ್ರಬಂಧ ‘ಖಿನ್ನತೆಯ ಹೊಸ ಪ್ರಾಣಿ ಮಾದರಿ’ ಎಂದು ಸಾರಿತು. ಜರಡಿ ಎಂದರೆ ನೂರು ರಾಸಾಯನಿಕಗಳಲ್ಲಿ ಮುಂದೆ ನೋಡಬೇಕಾದ ಐದನ್ನು ಬೇರ್ಪಡಿಸುವ ಸಾಧನ, ಅಷ್ಟೇ. ಮಾದರಿ ಎಂದರೆ ಆ ಪಾತ್ರೆಯೊಳಗೆ ತೇಲುತ್ತಿರುವ ಇಲಿಗೆ ನಮ್ಮ ಕಾಯಿಲೆಯಂಥದ್ದೇ ಏನೋ ಆಗಿದೆ ಎಂದು ಹೇಳಿದಂತೆ. ತೇಲುವ ಸ್ಥಿತಿಗೆ ಅವರು ಕೊಟ್ಟ ಹೆಸರೂ ‘ಹತಾಶೆ’. ಹೆಸರಿಟ್ಟ ಮೇಲೆ ಇಲಿ ಹತಾಶವಾಗಿದೆಯೋ ಇಲ್ಲವೋ ಎಂದು ಯಾರು ಕೇಳುತ್ತಾರೆ?

ಜರಡಿಯಾಗಿ ಅದು ಕೆಲಸ ಮಾಡುತ್ತಿತ್ತು ಎನ್ನುವುದನ್ನು ಒಪ್ಪಬೇಕು. ಆ ಹೊತ್ತಿಗೆ ಮನುಷ್ಯರಲ್ಲಿ ಫಲ ಕೊಟ್ಟಿದ್ದ ಇಮಿಪ್ರಮಿನ್‌ನಂಥ ಔಷಧಗಳನ್ನು ಚುಚ್ಚಿದರೆ ಇಲಿ ಹೆಚ್ಚು ಹೊತ್ತು ಒದ್ದಾಡುತ್ತಿತ್ತು, ಕಡಿಮೆ ಹೊತ್ತು ತೇಲುತ್ತಿತ್ತು. ಖರ್ಚು ಇಲ್ಲ ಎಂದರೂ ನಡೆಯುತ್ತದೆ: ಪಾತ್ರೆ, ನೀರು, ಗಡಿಯಾರ. ಒಂದು ಮಧ್ಯಾಹ್ನದಲ್ಲಿ ಹತ್ತಾರು ಪ್ರಾಣಿಗಳ ಲೆಕ್ಕ ಮುಗಿಯುತ್ತದೆ. 1985ರಲ್ಲಿ ಇದಕ್ಕೊಂದು ಒಣ ತಮ್ಮನೂ ಹುಟ್ಟಿದ. ಸುಂಡಿಲಿಯ ಬಾಲಕ್ಕೆ ಅಂಟುಪಟ್ಟಿ ಸುತ್ತಿ ಆರು ನಿಮಿಷ ತಲೆಕೆಳಗಾಗಿ ತೂಗುಹಾಕಿ, ಎಷ್ಟು ಹೊತ್ತು ಒದ್ದಾಡದೆ ನೇತಾಡಿತು ಎಂದು ನೋಡುವುದು.

ತೊಡಕುಗಳು ಮೊದಲಿನಿಂದಲೂ ಇದ್ದವು. ಖಿನ್ನತೆಯ ಮಾತ್ರೆ ಶುರುಮಾಡಿದವರಿಗೆ ವೈದ್ಯರು ಹೇಳುವ ಮೊದಲ ಮಾತು, ಎರಡರಿಂದ ಆರು ವಾರ ಕಾಯಿರಿ, ಅಲ್ಲಿಯವರೆಗೆ ನಿಲ್ಲಿಸಬೇಡಿ ಎಂದು. ಇಲಿಯಲ್ಲಿ ಅದೇ ಔಷಧ ಗಂಟೆಗಳಲ್ಲಿ ‘ಕೆಲಸ’ ಮಾಡುತ್ತದೆ. ಹಾಗಾದರೆ ನೀರಿನಲ್ಲಿ ಅಳೆಯುತ್ತಿರುವುದು ರೋಗಿಗೆ ಆರನೇ ವಾರದಲ್ಲಿ ಆಗುವುದನ್ನಂತೂ ಅಲ್ಲ. ಆಂಫೆಟಮಿನ್‌ನಂಥ ಉತ್ತೇಜಕ ಕೊಟ್ಟರೂ ಇಲಿ ಜೋರಾಗಿ ಈಜುತ್ತದೆ, ಆದರೆ ಅದು ಖಿನ್ನತೆಗೆ ಔಷಧವಲ್ಲ. ಇನ್ನೂ ಮಜಾ ಎಂದರೆ, ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಫ್ಲುಆಕ್ಸೆಟಿನ್‌ನಂಥ ಔಷಧಗಳು ಬಂದು ಜಗತ್ತಿನಾದ್ಯಂತ ಬರೆಯಲ್ಪಡತೊಡಗಿದಾಗ, ಇಲಿಗಳ ಮೇಲಿನ ಮೂಲ ಪರೀಕ್ಷೆಗೆ ಅವು ಸರಿಯಾಗಿ ಕಾಣಲೇ ಇಲ್ಲ. 1990ರ ದಶಕದಲ್ಲಿ ಲೆಕ್ಕ ಬರೆಯುವ ಕ್ರಮವನ್ನು ಬದಲಿಸಿ, ಗೋಡೆ ಹತ್ತಲು ನೋಡುವುದು ಬೇರೆ, ಅಡ್ಡಡ್ಡ ಈಜುವುದು ಬೇರೆ ಎಂದು ವಿಂಗಡಿಸಿದ ಮೇಲೆ ಕಂಡವು. ಉತ್ತರ ಗೊತ್ತಾದ ಮೇಲೆ ಪ್ರಶ್ನೆಪತ್ರಿಕೆ ತಿದ್ದಿದ ಹಾಗೆ.

ಅದಕ್ಕಿಂತ ಸರಳವಾದ ಆಕ್ಷೇಪಣೆಯನ್ನು ಕೆರೆಯಲ್ಲಿ ಈಜು ಕಲಿತ ಯಾರೂ ಎತ್ತಬಹುದು. ದಡ ಕಾಣದಿದ್ದಾಗ ಕೈಕಾಲು ಬಡಿಯುವವನು ಮುಳುಗುತ್ತಾನೆ, ತೇಲುವವನು ಉಳಿಯುತ್ತಾನೆ. ದೊಡ್ಡ ಇಲಿಗಳ ಪರೀಕ್ಷೆಯಲ್ಲಿ ಹಿಂದಿನ ದಿನವೇ ಅವನ್ನು ಹದಿನೈದು ನಿಮಿಷ ನೀರಿನಲ್ಲಿ ಬಿಟ್ಟಿರುತ್ತಾರೆ. ಮರುದಿನ ಮತ್ತೆ ಅದೇ ಪಾತ್ರೆ ಕಂಡ ಇಲಿ, ಇಲ್ಲಿ ಬಾಗಿಲಿಲ್ಲ, ಸ್ವಲ್ಪ ಹೊತ್ತಿಗೆ ಯಾರೋ ಎತ್ತುತ್ತಾರೆ ಎಂದು ಕಲಿತು ಶಕ್ತಿ ಉಳಿಸಿಕೊಳ್ಳುತ್ತಿರಬಾರದೇಕೆ? ತೇಲುವುದು ಹತಾಶೆಯಲ್ಲ, ಸಂದರ್ಭಕ್ಕೆ ಹೊಂದಿಕೊಳ್ಳುವ ಬಗೆ ಎಂಬ ಈ ವಾದವನ್ನು ಕೆಲವು ಸಂಶೋಧಕರು ಬಹಳ ಕಾಲದಿಂದ ಮುಂದಿಡುತ್ತಿದ್ದಾರೆ.

ಇಲಿಯ ಈಜಿನ ಇನ್ನೊಂದು ಕಥೆ ವಾಟ್ಸ್‌ಆ್ಯಪ್‌ನಲ್ಲಿ ಸದಾ ತಿರುಗುತ್ತಿರುತ್ತದೆ. ಮುಳುಗುವ ಹಂತದ ಇಲಿಯನ್ನು ಹದಿನೈದನೇ ನಿಮಿಷಕ್ಕೆ ಎತ್ತಿ ಉಳಿಸಿದರಂತೆ, ಮತ್ತೆ ನೀರಿಗೆ ಬಿಟ್ಟರೆ ಅರವತ್ತು ಗಂಟೆ ಈಜಿತಂತೆ, ಭರವಸೆಯ ಮಹಿಮೆ ನೋಡಿ ಎಂದು. ಇದರ ಬೇರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕರ್ಟ್ ರಿಕ್ಟರ್ 1957ರಲ್ಲಿ ಬರೆದ ಪ್ರಬಂಧ. ಅದರಲ್ಲಿ ಸಾಕಿದ ಇಲಿಗಳು ಬಹುಪಾಲು ಯಾರ ಭರವಸೆಯೂ ಇಲ್ಲದೆ ಹತ್ತಾರು ಗಂಟೆ ಈಜಿದ್ದವು. ನಿಮಿಷಗಳಲ್ಲಿ ಸತ್ತವು ಹೊರಗಿನಿಂದ ಹಿಡಿದು ತಂದ ಕಾಡು ಇಲಿಗಳು. ಕೆಲವು ಸಲ ಸ್ವಲ್ಪ ಹೊತ್ತು ಹಿಡಿದು ಬಿಟ್ಟು, ನೀರಿಗೆ ಹಾಕಿ ತೆಗೆದು ರೂಢಿ ಮಾಡಿಸಿದ ಮೇಲೆ ಕಾಡು ಇಲಿಗಳೂ ಸಾಕಿದವುಗಳಂತೆ ಈಜಿದವು. ಪ್ರೇರಣೆಯ ಭಾಷಣಕ್ಕೆ ಇಷ್ಟು ವಿವರ ಹಿಡಿಸುವುದಿಲ್ಲ. ಇಲಿಯ ಮೈಯ ಚಲನೆಗೆ ನಮ್ಮ ಮನಸ್ಸಿನ ಹೆಸರು ಕೊಡುವ ಚಾಳಿ ವಿಜ್ಞಾನಿಗಳಿಗಷ್ಟೇ ಇಲ್ಲ ಎನ್ನಲು ಇದನ್ನು ಹೇಳಿದೆ.

ಖಿನ್ನತೆಗೂ ಪ್ರಾಣಿಗೂ ನಂಟು ಬೆಸೆದದ್ದರಲ್ಲಿ ನಮ್ಮ ನೆಲದ ಒಂದು ಬೇರಿನ ಪಾಲೂ ಇದೆ. ಸರ್ಪಗಂಧದ ಬೇರನ್ನು ಹುಚ್ಚಿಗೂ ರಕ್ತದ ಏರೊತ್ತಡಕ್ಕೂ ಕೊಡಬಹುದೆಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ರೋಗಿಗಳ ಮೇಲಿನ ಪರಿಣಾಮವನ್ನು ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿತು. ಅದನ್ನು ಕೊಟ್ಟ ಪ್ರಾಣಿ ಮೈ ಮುದುಡಿ, ರೆಪ್ಪೆ ಜೋತುಬಿದ್ದು, ತಣ್ಣಗಾಗಿ ಮೂಲೆ ಹಿಡಿಯುತ್ತಿತ್ತು. ಅದರ ಮಿದುಳಿನಲ್ಲಿ ಸಿರೊಟೋನಿನ್ ಖಾಲಿಯಾಗುತ್ತದೆ ಎಂದು ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿಯ ತಂಡ 1955ರಲ್ಲಿ ತೋರಿಸಿತು. ಅತ್ತ ರೆಸರ್ಪಿನ್ ನುಂಗಿದ ಕೆಲವು ರಕ್ತದೊತ್ತಡದ ರೋಗಿಗಳು ಮಂಕಾಗಿದ್ದಾರೆ ಎಂಬ ವರದಿಗಳು ಬಂದವು. ಎರಡನ್ನೂ ಕೂಡಿಸಿ ಮಿದುಳಿನ ರಾಸಾಯನಿಕ ಕಡಿಮೆಯಾದರೆ ಖಿನ್ನತೆ ಎಂಬ ಸಿದ್ಧಾಂತ ಎದ್ದು ನಿಂತಿತು. ಮುದುಡಿದ ಪ್ರಾಣಿಯನ್ನು ಮತ್ತೆ ಎದ್ದು ಓಡಾಡಿಸುವ ವಸ್ತುವೇ ಖಿನ್ನತೆಗೆ ಔಷಧ ಎಂಬ ಪರೀಕ್ಷೆಯೂ ಹುಟ್ಟಿತು. ರೆಸರ್ಪಿನ್ ನಿಜಕ್ಕೂ ಮನುಷ್ಯರಲ್ಲಿ ಖಿನ್ನತೆ ತರುತ್ತದೆಯೇ ಎಂಬುದು ಈಗ ವಿವಾದದ ವಿಷಯ.

ಆದರೆ ಮೊದಲ ಖಿನ್ನತೆ ನಿವಾರಕಗಳು ಈ ದಾರಿಯಿಂದ ಬಂದವಲ್ಲ. ಇಪ್ರೊನಿಯಾಜಿಡ್ ಕ್ಷಯರೋಗದ ಔಷಧವಾಗಿತ್ತು. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸೀ ವ್ಯೂ ಕ್ಷಯದ ಆಸ್ಪತ್ರೆಯಲ್ಲಿ ಅದನ್ನು ತೆಗೆದುಕೊಂಡ ರೋಗಿಗಳು ಮಾಮೂಲಿಗಿಂತ ಲವಲವಿಕೆಯಿಂದ ಇದ್ದದ್ದನ್ನು ವೈದ್ಯರು ಗಮನಿಸಿದರು. ಇಮಿಪ್ರಮಿನ್ ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆಂದು ಪ್ರಯತ್ನಿಸಿದ ವಸ್ತು. ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗನ್ ಆಸ್ಪತ್ರೆಯ ರೋಲಾಂಡ್ ಕೂನ್ ಅದು ಖಿನ್ನರಿಗೆ ಒಗ್ಗುತ್ತದೆ ಎಂದು ರೋಗಿಗಳನ್ನು ಮಾತನಾಡಿಸಿಯೇ ಕಂಡುಕೊಂಡರು. ಪ್ರಾಣಿಗಳ ಪರೀಕ್ಷೆಗಳು ಆಮೇಲೆ ಈ ಎರಡು ಔಷಧಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಹುಟ್ಟಿದವು. ಇಮಿಪ್ರಮಿನ್ ದಾಟುವ ಜರಡಿಯಲ್ಲಿ ಇಮಿಪ್ರಮಿನ್‌ನಂಥವೇ ದಾಟುತ್ತವೆ. ದಶಕಗಳ ಕಾಲ ಒಂದರ ತಮ್ಮ ಇನ್ನೊಂದು ಎಂಬಂಥ ಔಷಧಗಳೇ ಬರುತ್ತಿದ್ದುದಕ್ಕೆ ಇದು ಒಂದು ಕಾರಣ.

ಇಲ್ಲಿ ಪ್ರಾಣಿಗಳ ಪಾಡಿನ ಮಾತು ಬರಬೇಕು, ಏಕೆಂದರೆ ಖಿನ್ನತೆಯ ಸಂಶೋಧನೆಯಲ್ಲಿ ಅದು ಬೇರೆಲ್ಲ ಸಂಶೋಧನೆಗಿಂತ ಭಿನ್ನ. ಗಡ್ಡೆಗೆ ಔಷಧ ಹುಡುಕುವಾಗ ಪ್ರಾಣಿಗೆ ನೋವು ಆಗದಂತೆ ಅರಿವಳಿಕೆ ಕೊಡಬಹುದು, ನೋವು ಅಲ್ಲಿ ಅಡ್ಡಪರಿಣಾಮ. ಇಲ್ಲಿ ಸಂಕಟವೇ ಕಚ್ಚಾವಸ್ತು. ಅದನ್ನು ತೆಗೆದರೆ ಪ್ರಯೋಗವೇ ಉಳಿಯುವುದಿಲ್ಲ. 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳನ್ನು ಪಟ್ಟಿಗಳಲ್ಲಿ ಕಟ್ಟಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ಒಂದು ತಗ್ಗಾದ ಅಡ್ಡಗೋಡೆ ಹಾರಿದರೆ ಸಾಕು ಆಘಾತ ತಪ್ಪುತ್ತದೆ ಎಂಬಲ್ಲಿಗೆ ತಂದರೂ ಹೆಚ್ಚಿನವು ಹಾರದೆ ಮಲಗಿ ಕುಂಯ್‌ಗುಟ್ಟಿದವು. ‘ಕಲಿತ ಅಸಹಾಯಕತೆ’ ಎಂಬ ಪದ ಮನಶ್ಶಾಸ್ತ್ರದ ಪಠ್ಯಗಳಿಗೆ ಬಂದದ್ದು ಹೀಗೆ. ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೊ ಕೋತಿಮರಿಗಳನ್ನು ತಾಯಿಯಿಂದ ಬಿಡಿಸಿ ಬೆಳೆಸಿದರು. ಇಳಿಜಾರು ಗೋಡೆಯ ಉಕ್ಕಿನ ತೊಟ್ಟಿಯೊಂದರಲ್ಲಿ ಮರಿಯನ್ನು ವಾರಗಟ್ಟಲೆ ಒಂಟಿಯಾಗಿ ಇಟ್ಟು ಖಿನ್ನತೆ ‘ತಯಾರಿಸಿದರು’. ಸ್ವತಃ ಖಿನ್ನತೆಗೆ ಚಿಕಿತ್ಸೆ ಪಡೆದ ಮನುಷ್ಯ ಅವರು. ಆ ಕಾಲದಲ್ಲಿ ಅಮೆರಿಕದ ಪ್ರಯೋಗಾಲಯಗಳಿಗೆ ರೀಸಸ್ ಕೋತಿಗಳು ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ನಮ್ಮ ದೇವಸ್ಥಾನಗಳ ಬಾಳೆಹಣ್ಣು ಕಸಿಯುವ ಮಂಗವಲ್ಲ, ಉತ್ತರದ ಕೆಂಪುಮುಖದ ಕೋತಿ. ಅಮೆರಿಕದ ಸೇನೆಯ ವಿಕಿರಣ ಪ್ರಯೋಗಗಳಿಗೂ ಅವು ಬಳಕೆಯಾಗುತ್ತಿವೆ ಎಂಬ ಸುದ್ದಿ ಎದ್ದಮೇಲೆ ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತನ್ನೇ ನಿಲ್ಲಿಸಿತು.

ಈ ಬಗೆಯ ಕೆಲಸ ಒಂದು ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲಾರದು. ಪ್ರಾಣಿ ನಮ್ಮಂತೆ ದುಃಖಪಡುವುದಿಲ್ಲ ಎಂದರೆ ಅದನ್ನು ನೋಡಿ ನಮ್ಮ ದುಃಖ ತಿಳಿಯುವುದು ಹೇಗೆ? ದುಃಖಪಡುತ್ತದೆ ಎಂದರೆ ಅದಕ್ಕೆ ದುಃಖ ತರಿಸುವ ಹಕ್ಕು ಬಂದದ್ದು ಎಲ್ಲಿಂದ? ಎರಡೂ ಕಡೆಯ ವಾದ ಒಟ್ಟಿಗೆ ಹೂಡುವುದನ್ನು ನಾನು ಬೇಕಾದಷ್ಟು ಓದಿದ್ದೇನೆ. ಪ್ರಬಂಧದ ಪೀಠಿಕೆಯಲ್ಲಿ ಇಲಿ ನಮ್ಮ ಹಾಗೆ, ನೈತಿಕ ಅನುಮತಿಯ ಅರ್ಜಿಯಲ್ಲಿ ಇಲಿ ಬರೀ ಇಲಿ.

ಸೆಲಿಗ್ಮನ್ ಮತ್ತು ಮೇಯರ್ ಅವರ ಕಥೆಯ ಉತ್ತರಾರ್ಧವನ್ನೂ ಹೇಳದಿದ್ದರೆ ಅನ್ಯಾಯ. ಐವತ್ತು ವರ್ಷಗಳ ಬಳಿಕ, 2016ರಲ್ಲಿ, ತಾವು ಹೇಳಿದ್ದು ತಿರುವುಮುರುವಾಗಿತ್ತು ಎಂದು ಇಬ್ಬರೂ ಬರೆದರು. ದೀರ್ಘವಾದ ಸಂಕಟದೆದುರು ಸುಮ್ಮನಾಗುವುದು ಕಲಿತದ್ದಲ್ಲ, ಅದು ಸಸ್ತನಿಗಳ ಹುಟ್ಟುಗುಣ. ಮಿದುಳು ಕಲಿಯುವುದು ಅದರ ವಿರುದ್ಧವಾದುದನ್ನು, ಅಂದರೆ ನನ್ನ ಪ್ರಯತ್ನದಿಂದ ಇದು ತಪ್ಪುತ್ತದೆ ಎಂಬುದನ್ನು. ಹಾಗೆ ಕಲಿತಾಗ ಮಿದುಳಿನ ಮುಂಭಾಗ ಕೆಳಗಿನ ಸಿರೊಟೋನಿನ್ ಕೇಂದ್ರವನ್ನು ತಡೆದು ಹಿಡಿಯುತ್ತದೆ. ಈ ತಿದ್ದುಪಡಿ ಬಂದದ್ದೂ ಇಲಿಗಳ ಮೇಲಿನ ಪ್ರಯೋಗಗಳಿಂದಲೇ. ಪ್ರಾಣಿಗಳಿಂದ ಏನೂ ತಿಳಿಯಲಿಲ್ಲ ಎನ್ನುವವರಿಗೂ, ತಿಳಿದದ್ದೆಲ್ಲ ಸರಿ ಎನ್ನುವವರಿಗೂ ಇದು ಅನನುಕೂಲದ ಸಂಗತಿ.

ಬೆಂಗಳೂರಿನ ಕೆಲಸವನ್ನು ಇಲ್ಲಿ ಹತ್ತಿರದಿಂದ ನೋಡಬಹುದು. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡಲಾಗದಂತೆ ಕಟ್ಟಿಹಾಕಿ, ಆಮೇಲೆ ಅವುಗಳ ನರಕೋಶಗಳ ಆಕಾರವನ್ನು ಸೂಕ್ಷ್ಮದರ್ಶಕದಡಿ ಕೊಂಬೆ ಕೊಂಬೆಯಾಗಿ ಬಿಡಿಸಿತು. 2002ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರಲ್ಲಿ ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಕೂಡ ಇದ್ದರು. ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳು ಕುಗ್ಗಿದ್ದವು. ಇದು ಹೊಸದಲ್ಲ. ಆದರೆ ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾದಲ್ಲಿ ಅದೇ ಒತ್ತಡಕ್ಕೆ ಕೊಂಬೆಗಳು ಬೆಳೆದಿದ್ದವು. ಎರಡು ವರ್ಷದ ನಂತರ ಇನ್ನೊಂದು ಪ್ರಬಂಧ: ಇಪ್ಪತ್ತೊಂದು ದಿನ ಆರಾಮವಾಗಿ ಬಿಟ್ಟ ಮೇಲೂ ಅಮಿಗ್ಡಲಾದ ಬೆಳವಣಿಗೆ ಇಳಿಯಲಿಲ್ಲ, ಇಲಿಯ ಅಂಜಿಕೆಯೂ ಇಳಿಯಲಿಲ್ಲ. ಕಷ್ಟ ಕಳೆದು ತಿಂಗಳಾದರೂ ಎದೆಯೊಳಗಿನ ದಿಗಿಲು ಹೋಗಲಿಲ್ಲ ಎನ್ನುವವರನ್ನು ಕಂಡ ಯಾರಿಗಾದರೂ ಇದನ್ನು ಓದಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಕಟ್ಟಿಹಾಕಿದ ಇಲಿಗೆ ಅದು ಸುಖದ ಅನುಭವವಾಗಿರಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಆದರೆ ಇಲ್ಲಿ ಕೇಳಿದ ಪ್ರಶ್ನೆ ‘ಇಲಿಗೆ ಖಿನ್ನತೆ ಬಂತೇ’ ಎಂದಲ್ಲ. ಒತ್ತಡ ಬಿದ್ದರೆ ಈ ಕೋಶಕ್ಕೆ ಏನಾಗುತ್ತದೆ, ಆ ಕೋಶಕ್ಕೆ ಏನಾಗುತ್ತದೆ ಎಂದು. ಇಲಿ ಉತ್ತರಿಸಬಲ್ಲ ಪ್ರಶ್ನೆ ಅದು.

ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಿಂದ 2009ರಲ್ಲಿ ಬಂದ ಒಂದು ಕೆಲಸ ನನಗೆ ಇನ್ನೂ ಇಷ್ಟ. ಒತ್ತಡಕ್ಕೆ ಒಳಗಾದ ಇಲಿಗಳನ್ನು ಸಂಗಾತಿಗಳು, ಆಟಿಕೆಗಳು ತುಂಬಿದ ವಿಶಾಲವಾದ ಗೂಡಿನಲ್ಲಿ ಬಿಟ್ಟಾಗ ಹಿಪೊಕ್ಯಾಂಪಸ್‌ನಲ್ಲಿ ಹೊಸದಾಗಿ ಹುಟ್ಟಿದ ಕೋಶಗಳು ಬದುಕುಳಿಯುವ ಪ್ರಮಾಣ ಚೇತರಿಸಿತು, ಖಿನ್ನತೆಯಂಥ ನಡವಳಿಕೆಗಳೂ ತಗ್ಗಿದವು. ಹಾಗಾದರೆ ಬರಿದಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊಟ್ಟಿನ ಮೇಲೆ ಬದುಕುವ ಮಾಮೂಲಿ ಪ್ರಯೋಗಾಲಯದ ಇಲಿಯನ್ನು ನಾವು ‘ಸಹಜ’ ಎಂದು ಹೋಲಿಕೆಗೆ ಇಟ್ಟುಕೊಳ್ಳುವುದು ಎಷ್ಟು ಸರಿ?

ಈ ಅನುಮಾನಕ್ಕೆ ತಕ್ಕ ಪುರಾವೆ ಬ್ರಿಟನ್ನಿನಿಂದ ಬಂತು. ಅದಕ್ಕೆ ಮುಂಚೆ ಸಕ್ಕರೆ ನೀರಿನ ಪರೀಕ್ಷೆಯನ್ನು ವಿವರಿಸಬೇಕು. ಖಿನ್ನತೆಯಲ್ಲಿ ಬರುವ ಅಪರಾಧಿ ಭಾವ, ನಾನು ಯಾರಿಗೂ ಬೇಡ ಎಂಬ ಭಾವ, ಸಾವಿನ ಯೋಚನೆ ಇವನ್ನು ಇಲಿಯಿಂದ ತಿಳಿಯುವಂತಿಲ್ಲ. ಯಾವುದರಲ್ಲೂ ರುಚಿ ಇಲ್ಲದಿರುವುದನ್ನು ಮಾತ್ರ ಒಂದಿಷ್ಟು ಅಳೆಯಬಹುದು ಎಂದು ಪಾಲ್ ವಿಲ್ನರ್ 1987ರಲ್ಲಿ ಒಂದು ಕ್ರಮ ರೂಪಿಸಿದರು. ಪಂಜರವನ್ನು ಓರೆಯಾಗಿ ಇಡುವುದು, ಹಾಸನ್ನು ಒದ್ದೆ ಮಾಡುವುದು, ರಾತ್ರಿಯಿಡೀ ದೀಪ ಉರಿಸುವುದು, ಊಟ ತಪ್ಪಿಸುವುದು, ಯಾವುದು ಯಾವಾಗ ಎಂದು ಗೊತ್ತಾಗದಂತೆ ವಾರಗಟ್ಟಲೆ ಇಂಥ ಕಿರಿಕಿರಿಗಳು. ಬಾಡಿಗೆ ಮನೆಯಲ್ಲಿ ಬದುಕಿದವರಿಗೆ ಈ ಪಟ್ಟಿ ಅಪರಿಚಿತವಲ್ಲ. ಆಮೇಲೆ ಎರಡು ಬಾಟಲಿ ಇಡುತ್ತಾರೆ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ಬೆರೆಸಿದ್ದು. ಆರೋಗ್ಯವಂತ ಇಲಿ ಸಿಹಿಗೆ ಮುಗಿಬೀಳುತ್ತದೆ, ಕಿರಿಕಿರಿ ತಿಂದ ಇಲಿಗೆ ಸಿಹಿಯ ಮೇಲಿನ ಆಸೆ ಕಡಿಮೆಯಾಗುತ್ತದೆ. ಔಷಧವನ್ನು ವಾರಗಳ ಕಾಲ ಕೊಟ್ಟರೆ ಆಸೆ ಮರಳುತ್ತದೆ, ಮನುಷ್ಯರ ಹಾಗೆಯೇ ನಿಧಾನವಾಗಿ. ಈಜಿನ ಪರೀಕ್ಷೆಗಿಂತ ಇದು ಎಷ್ಟೋ ಮೇಲು.

ಇನ್ನು ಆ ಪುರಾವೆ. ಸುಂಡಿಲಿಯನ್ನು ಬಾಲ ಹಿಡಿದು ಎತ್ತುವುದು ಪ್ರಯೋಗಾಲಯಗಳ ಹಳೆಯ ರೂಢಿ. ಅದರ ಬದಲು ಪಂಜರದಲ್ಲಿ ಒಂದು ಕೊಳವೆ ಇಟ್ಟು, ಸುಂಡಿಲಿ ತಾನಾಗಿ ಅದರೊಳಗೆ ಹೋದಮೇಲೆ ಕೊಳವೆಯನ್ನೇ ಎತ್ತಿದರೆ ಅದು ಹೆದರುವುದಿಲ್ಲ ಎಂದು 2010ರಲ್ಲಿ ಜೇನ್ ಹರ್ಸ್ಟ್ ಮತ್ತು ರೆಬೆಕ್ಕಾ ವೆಸ್ಟ್ ತೋರಿಸಿದ್ದರು. 2018ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಮುಂದೆ ಹೋಯಿತು. ಬಾಲ ಹಿಡಿದು ಎತ್ತಿದ ಸುಂಡಿಲಿಗಳು ಸಿಹಿನೀರನ್ನು ಸವಿಯುವ ರೀತಿಯೇ ಮಂಕಾಗಿತ್ತು. ಅಂದರೆ ನಾವು ‘ಖಿನ್ನತೆಯಂಥ ಸ್ಥಿತಿ’ ಎಂದು ಹೆಸರಿಟ್ಟು ವಾರಗಟ್ಟಲೆ ಕಷ್ಟಪಟ್ಟು ತರಿಸುವುದರ ಒಂದು ಅಂಶವನ್ನು ಪಂಜರ ಶುಚಿ ಮಾಡಲು ಬಂದವರು ಬಾಲ ಹಿಡಿದೇ ತರಿಸಿರುತ್ತಾರೆ, ಔಷಧ ಕೊಡದ ಗುಂಪಿಗೂ ಸೇರಿಸಿ. 1999ರಲ್ಲೇ ಒಂದೇ ತಳಿಯ ಸುಂಡಿಲಿಗಳನ್ನು ಒಂದೇ ಸಲಕರಣೆಯಲ್ಲಿ, ಒಂದೇ ಕ್ರಮದಲ್ಲಿ ಅಮೆರಿಕ ಮತ್ತು ಕೆನಡಾದ ಮೂರು ಪ್ರಯೋಗಾಲಯಗಳು ಪರೀಕ್ಷಿಸಿ ಬೇರೆ ಬೇರೆ ಉತ್ತರ ಪಡೆದಿದ್ದವು. ಆ ಎಚ್ಚರಿಕೆಯನ್ನು ಹೆಚ್ಚಿನವರು ಉದ್ಧರಿಸಿದರು, ಕಡಿಮೆ ಜನ ಪಾಲಿಸಿದರು.

ಹೆಣ್ಣು ಪ್ರಾಣಿಗಳ ಮಾತಂತೂ ಕೇಳುವುದೇ ಬೇಡ. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿಗಳನ್ನು ಬಳಸಿದ ಅಧ್ಯಯನಗಳನ್ನು ಎಣಿಸಿದಾಗ ಬರೀ ಗಂಡುಗಳ ಮೇಲೆ ನಡೆದವು ಹೆಣ್ಣುಗಳ ಮೇಲೆ ನಡೆದವಕ್ಕಿಂತ ಐದು ಪಟ್ಟಿಗೂ ಹೆಚ್ಚು ಎಂದು 2011ರ ಒಂದು ವಿಮರ್ಶೆ ಹೇಳಿತು. ದೊಡ್ಡ ಜಗಳಗಂಟ ಸುಂಡಿಲಿಯ ಪಂಜರಕ್ಕೆ ಚಿಕ್ಕದನ್ನು ಹತ್ತು ದಿನ ಬಿಟ್ಟು ಹೊಡೆಸುವ, ಈಗ ಬಹಳ ಚಾಲ್ತಿಯಲ್ಲಿರುವ ಮಾದರಿಯಲ್ಲಿ ಹೆಣ್ಣನ್ನು ಬಳಸುವುದೇ ಕಷ್ಟ, ಗಂಡು ಅದಕ್ಕೆ ಹೊಡೆಯುವುದಿಲ್ಲ.

ಇಷ್ಟೆಲ್ಲ ಪರೀಕ್ಷೆಗಳ ಮೂಲಕ ಹಾದು ಬಂದ ಔಷಧಗಳ ಗತಿ ಏನಾಯಿತು? 1998ರಲ್ಲಿ ಮರ್ಕ್ ಕಂಪನಿ ಸಬ್‌ಸ್ಟೆನ್ಸ್ ಪಿ ಎಂಬ ನರಸಂದೇಶವಾಹಕವನ್ನು ತಡೆಯುವ ಹೊಸ ಬಗೆಯ ಔಷಧವನ್ನು ಮುಂದಿಟ್ಟಾಗ ದೊಡ್ಡ ಗದ್ದಲವಾಯಿತು. ಆ ಸಂದೇಶವನ್ನು ಹಿಡಿಯುವ, ನರಕೋಶದ ಮೇಲಿನ ಗ್ರಾಹಕ ಎಂಬ ಅಣು ಸುಂಡಿಲಿಯಲ್ಲಿ ಮನುಷ್ಯರದಕ್ಕಿಂತ ಭಿನ್ನವಾದ್ದರಿಂದ ಗಿನಿಪಿಗ್ ಹಿಡಿದರು. ತಾಯಿಯಿಂದ ಬೇರ್ಪಡಿಸಿದ ಗಿನಿಪಿಗ್ ಮರಿಗಳು ಔಷಧ ಕೊಟ್ಟಾಗ ಕೂಗುವುದು ಕಡಿಮೆಯಾಯಿತು. ಮೊದಲ ಸುತ್ತಿನಲ್ಲಿ ರೋಗಿಗಳಿಗೂ ಫಲ ಕಂಡಿತು. 2003ರ ಹೊತ್ತಿಗೆ ದೊಡ್ಡ ಪ್ರಯೋಗಗಳಲ್ಲಿ ಅದು ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ. ಅದೇ ವರ್ಷ ಅದೇ ಔಷಧ ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಲು ಮಾರುಕಟ್ಟೆಗೆ ಬಂತು, ಇಂದಿಗೂ ಬಳಕೆಯಲ್ಲಿದೆ.

ಎದುರು ಉದಾಹರಣೆಯನ್ನೂ ಇಡುತ್ತೇನೆ. ಅರಿವಳಿಕೆಯ ಕೆಟಮಿನ್ ಖಿನ್ನತೆಯನ್ನು ಗಂಟೆಗಳಲ್ಲಿ ಇಳಿಸಬಲ್ಲದು ಎಂದು 2000ದಲ್ಲಿ ಯೇಲ್‌ನ ವೈದ್ಯರು ಬೆರಳೆಣಿಕೆಯ ರೋಗಿಗಳಲ್ಲಿ ಕಂಡರು. ಅದರ ರೂಪಾಂತರಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿಯೂ ಸಿಕ್ಕಿತು. ಪ್ರಾಣಿಗಳ ಹಂಗಿಲ್ಲದೆ ಸಿಕ್ಕ ಔಷಧ ಎಂದು ಇದನ್ನು ಹೇಳುವುದುಂಟು. ಆದರೆ ಕೆಟಮಿನ್ ತಡೆಯುವ ಅದೇ ಗ್ರಾಹಕವನ್ನು ತಡೆದರೆ ಸುಂಡಿಲಿಗಳು ಕಡಿಮೆ ಹೊತ್ತು ನಿಶ್ಚಲವಾಗಿರುತ್ತವೆ ಎಂದು ಟ್ರುಯಾಸ್ ಮತ್ತು ಸ್ಕೋಲ್ನಿಕ್ 1990ರಲ್ಲೇ ತೋರಿಸಿದ್ದರು, ಇದೇ ಈಜು ಮತ್ತು ತೂಗಿನ ಪರೀಕ್ಷೆಗಳಲ್ಲಿ. ಕೆಟಮಿನ್‌ನಿಂದ ನರಕೋಶಗಳ ನಡುವೆ ಹೊಸ ಜೋಡಣೆಗಳು ಚಿಗುರುತ್ತವೆ ಎಂದು ತಿಳಿದದ್ದೂ ಇಲಿಗಳಿಂದ. ಹಾಗಾಗಿ ಎಲ್ಲ ಬಗೆಯ ಪ್ರಾಣಿ ಪ್ರಯೋಗವನ್ನೂ ಒಂದೇ ಗಂಟಿಗೆ ಕಟ್ಟಿ ಎಸೆಯುವವರ ಜೊತೆ ನಾನಿಲ್ಲ.

ಕಾನೂನುಗಳು ಈ ಭೇದವನ್ನು ನಿಧಾನಕ್ಕೆ ಹಿಡಿಯುತ್ತಿವೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 2019ರಲ್ಲಿ ಅನುದಾನ ಕೇಳುವವರಿಗೆ ನೋಟಿಸು ಹೊರಡಿಸಿತು: ಇಡೀ ಮನೋರೋಗವನ್ನು ಪ್ರಾಣಿಯಲ್ಲಿ ತಂದೆವು ಎನ್ನಬೇಡಿ, ಯಾವ ನಿರ್ದಿಷ್ಟ ಪ್ರಕ್ರಿಯೆಯನ್ನು ನೋಡುತ್ತೀರಿ ಎಂದು ಹೇಳಿ ಎಂಬುದು ಅದರ ಸಾರ. 2023ರಲ್ಲಿ ಬ್ರಿಟನ್ ಸರ್ಕಾರದ ಸಲಹಾ ಸಮಿತಿ ಈಜು ಪರೀಕ್ಷೆಯನ್ನು ಖಿನ್ನತೆಯ ಮಾದರಿಯಾಗಿ ಬಳಸಕೂಡದು ಎಂದಿತು. ಸರ್ಕಾರ ಮರುವರ್ಷ ಅದನ್ನು ಒಪ್ಪಿತು. 2024ರಲ್ಲೇ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಶಾಸನ ಮಾಡಿ ನಿಷೇಧಿಸಿತು.

ನಮ್ಮಲ್ಲಿ 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆ ಇದೆ, ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ದಾರಿ ಮಾಡಿಕೊಟ್ಟದ್ದು. ಅದರಡಿ ಕೇಂದ್ರ ಸಮಿತಿಯೊಂದಿದೆ, ಪ್ರಯೋಗ ಮಾಡುವ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು. ಹೊಸ ಔಷಧಗಳ ಪರೀಕ್ಷೆಯ ನಿಯಮಗಳಿಗೆ 2023ರಲ್ಲಿ ಬಂದ ತಿದ್ದುಪಡಿಯಿಂದ ಔಷಧ ಕಂಪನಿಗಳು ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮೇಲಿನ ಪುರಾವೆಯನ್ನೂ ಕೊಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಕಾಂಡಕೋಶ ಸಂಶೋಧನೆಯ ಸಂಸ್ಥೆ ಇನ್‌ಸ್ಟೆಮ್ ಒಟ್ಟಾಗಿ, ಉನ್ಮಾದ ಖಿನ್ನತೆಗಳ ನಡುವೆ ತೂಗಾಡಿಸುವ ಬೈಪೋಲಾರ್‌ನಂಥ ಕಾಯಿಲೆ ತಲೆತಲಾಂತರದಿಂದ ಬಂದಿರುವ ಕುಟುಂಬಗಳವರ ಜೀವಕೋಶಗಳಿಂದ ತಟ್ಟೆಯಲ್ಲಿ ನರಕೋಶ ಬೆಳೆಸುತ್ತಿವೆ. ಒಂದೇ ಮನೆಯ ಕಾಯಿಲೆ ಇರುವ ಅಣ್ಣ, ಇಲ್ಲದ ತಂಗಿ, ಇಬ್ಬರ ಕೋಶಗಳನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಇಲಿಯಿಂದ ಆಗದ ಕೆಲಸ ಇದು. ತಟ್ಟೆಯ ಕೋಶಕ್ಕೆ ಸಾಲದ ಕಾಟವಿಲ್ಲ, ಬಾಲ್ಯವಿಲ್ಲ, ನಿದ್ದೆಗೆಡುವ ರಾತ್ರಿಯಿಲ್ಲ ಎಂಬ ಮಿತಿ ಇದ್ದೇ ಇದೆ.

ನನ್ನ ಚಿಂತೆ ಇಂಥ ದೊಡ್ಡ ಸಂಸ್ಥೆಗಳದ್ದಲ್ಲ, ಊರೂರಿನ ಫಾರ್ಮಸಿ ಕಾಲೇಜುಗಳದ್ದು. ಯಾವುದೋ ಎಲೆ, ಬೇರು, ತೊಗಟೆಯ ಕಷಾಯ ತೆಗೆದು ಅದಕ್ಕೆ ಖಿನ್ನತೆ ನಿವಾರಕ ಗುಣವಿದೆಯೇ ಎಂದು ನೋಡುವುದು ನಮ್ಮ ದೇಶದ ಸ್ನಾತಕೋತ್ತರ ಪ್ರಬಂಧಗಳ ಅಚ್ಚುಮೆಚ್ಚಿನ ವಿಷಯ. ವಿನ್ಯಾಸ ಸಾಮಾನ್ಯವಾಗಿ ಹೀಗೆ: ಆರಾರು ಸುಂಡಿಲಿಗಳ ಐದು ಗುಂಪು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಇಮಿಪ್ರಮಿನ್, ಉಳಿದ ಮೂರಕ್ಕೆ ಕಷಾಯದ ಮೂರು ಪ್ರಮಾಣ. ನೀರಿಗೆ ಬಿಟ್ಟು ಆರು ನಿಮಿಷ, ಬಾಲದಿಂದ ತೂಗಿ ಆರು ನಿಮಿಷ. ತೇಲಿದ ಸೆಕೆಂಡು ಕಡಿಮೆಯಾದರೆ ಪ್ರಬಂಧ ಮುಗಿಯಿತು, ಪತ್ರಿಕೆಯ ಒಂದು ಮೂಲೆಯಲ್ಲಿ ‘ಖಿನ್ನತೆಗೆ ಮನೆಮದ್ದು’ ಎಂದು ಸುದ್ದಿಯೂ ಆಗಬಹುದು. ಆ ಕಷಾಯ ಮನುಷ್ಯನವರೆಗೆ ಬರುವುದು ಅಪರೂಪ. ಭಾರತದಲ್ಲಿ ಇಪ್ಪತ್ತರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿರುತ್ತಾರೆ ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಅವರಲ್ಲಿ ಹೆಚ್ಚಿನವರಿಗೆ ಈಗಾಗಲೇ ಇರುವ ಚಿಕಿತ್ಸೆಯೇ ತಲುಪಿಲ್ಲ. ಅವರು ಕಾಯುತ್ತಿರುವುದು ಇಂಥ ಪ್ರಬಂಧಕ್ಕಲ್ಲ.

ಪ್ರತಿ ನೈತಿಕ ಸಮಿತಿಯಲ್ಲೂ ವಿಜ್ಞಾನಿಯಲ್ಲದ, ಸಮಾಜದ ಅರಿವಿರುವ ಒಬ್ಬ ಸದಸ್ಯರು ಇರಬೇಕೆಂದು ನಿಯಮ ಹೇಳುತ್ತದೆ. ಸಾಮಾನ್ಯವಾಗಿ ಅವರು ನಿವೃತ್ತ ಮೇಷ್ಟ್ರೋ ವಕೀಲರೋ ಆಗಿರುತ್ತಾರೆ. ರಾಸಾಯನಿಕಗಳ ಹೆಸರು ತಮಗೆ ತಿಳಿಯದೆಂದು ಸುಮ್ಮನೆ ಕೂರಬೇಕಾಗಿಲ್ಲ. ಮೂವತ್ತು ಸುಂಡಿಲಿ ಕೇಳಿ ಬಂದ ಅರ್ಜಿ ಮೇಜಿನ ಮೇಲಿದ್ದಾಗ ಅವರು ಕೇಳಬಹುದಾದ ಪ್ರಶ್ನೆಗೆ ವಿಜ್ಞಾನದ ಪದವಿ ಬೇಡ: ಇದು ಇನ್ನೂ ಹತ್ತು ಸೆಕೆಂಡು ಹೆಚ್ಚು ಈಜಿದರೆ, ನಿಮಗೆ ತಿಳಿಯುವುದು ಏನು?